ಮೇಲುಕೋಟೆಯ ಏರುದಾರಿ ಮತ್ತು ಚೈನಿನ ಚರಿತ್ರೆ

1880ರಲ್ಲಿ ಮ್ಯಾಂಚೆಸ್ಟರಿನ ಹ್ಯಾನ್ಸ್ ರೆನಾಲ್ಡ್ ರೂಪಿಸಿದ ರೋಲರ್ ಚೈನು, ಅಂದರೆ ಪಿನ್ನುಗಳ ಸುತ್ತ ಉರುಳೆಗಳು ತಿರುಗುವ ಸರಪಳಿ, ಮೊದಲು ಸೈಕಲ್ಲಿಗೂ ಅನಂತರ ಮೋಟಾರು ವಾಹನಗಳಿಗೂ ಆಧಾರವಾಯಿತು. 1960ರ ದಶಕದಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಮೋಟಾರ್ ಸೈಕಲ್ಲುಗಳೂ, 1980ರಲ್ಲಿ ಹೊಸೂರಿನಿಂದ ಬಂದ ಟಿವಿಎಸ್ 50 ಮೊಪೆಡ್ಡೂ ಈ ತಂತ್ರವನ್ನು ಜನಸಾಮಾನ್ಯರಿಗೆ ಹತ್ತಿರವಾಗಿಸಿದವು.

ಯದುಗಿರಿಯ ಮೇಲಿರುವ ಮೇಲುಕೋಟೆಯಂಥ ಊರಿನ ಏರುದಾರಿಯಲ್ಲಿ ಚೈನಿನ ಮೇಲಿನ ಎಳೆತ ಹೆಚ್ಚುವುದರಿಂದ, ಇದೇ ಬಗೆಯ ಚೈನು ಬಳಸಿ ಸೈಕಲ್ಲಿಗೆ ಎಂಜಿನ್ ಜೋಡಿಸಿ ಮನೆಯಲ್ಲೇ ಕಟ್ಟಿದ ವಾಹನದ ದೋಷಗಳು ಅಲ್ಲಿ ಬೇಗ ಬಯಲಾಗುತ್ತವೆ. ಎಂಜಿನ್ನಿನ ಮತ್ತು ಹಿಂಗಾಲಿಯ ಹಲ್ಲುಚಕ್ರಗಳು ಒಂದೇ ನೇರದಲ್ಲಿರದಿದ್ದರೆ ಚೈನು ಕಳಚುತ್ತದೆ. ಪಿನ್ನುಗಳು ಸವೆದರೆ ಚೈನು ಉದ್ದವಾಗಿ ಹಲ್ಲುಗಳ ಮೇಲೆ ಜಾರುತ್ತದೆ. ಪ್ರತಿ ಕೊಂಡಿಯೂ ಅರ್ಧ ಅಂಗುಲವಿರುವ ಹೊಸ ಚೈನಿನ 24 ಕೊಂಡಿಗಳು 12 ಅಂಗುಲವಿರುತ್ತವೆ. ಈ ಅಳತೆ ಶೇಕಡ 1ರಷ್ಟು ಹೆಚ್ಚಿದರೆ ಚೈನನ್ನು ಬದಲಿಸುವುದೇ ಸರಿ.