ಪಂಚರತ್ನಂ ಅವರ ಪ್ರಾವಸ್ಥೆ: ಒಂದು ಶೋಧದ ಕಾಲನಿರ್ಣಯ

ಬೆಳಕಿನ ಕಂಪನಗಳಿಗೆ ಸಂಬಂಧಿಸಿದ ಒಂದು ತತ್ತ್ವವು ಇಂದು ಪಂಚರತ್ನಂ–ಬೆರಿ ಪ್ರಾವಸ್ಥೆಯೆಂಬ ಜೋಡುಹೆಸರಿನಿಂದ ಪ್ರಸಿದ್ಧವಾಗಿದೆ. ಇವುಗಳಲ್ಲಿ ಮೊದಲನೆಯ ಹೆಸರು ಮೂವತ್ತು ವರ್ಷಗಳ ಕಾಲ ಮರೆಯಲ್ಲಿದ್ದುದೇಕೆ, ಪುನಃ ಪ್ರಕಾಶಕ್ಕೆ ಬಂದುದೆಂತು ಎಂಬುದು ವಿಚಾರಾರ್ಹವಾಗಿದೆ.

ಶಿವರಾಮಕೃಷ್ಣನ್ ಪಂಚರತ್ನಂ ಅವರು 1934ರಲ್ಲಿ ಕಲ್ಕತ್ತೆಯಲ್ಲಿ ಜನಿಸಿದರು. ಇವರು ಸರ್ ಸಿ. ವಿ. ರಾಮನ್ನರ ಸೋದರಳಿಯ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ಬೆಳಕನ್ನು ಹೀರುವ ಅಯೊಲೈಟ್ ಮೊದಲಾದ ಹರಳುಗಳನ್ನು ಪರೀಕ್ಷಿಸುತ್ತ ಇವರು ಒಂದು ಪ್ರಶ್ನೆಯನ್ನು ಕೈಗೊಂಡರು. ಕಂಪನದ ರೀತಿಯು ಒಂದೇ ಆಗಿರುವ ಎರಡು ಕಿರಣಗಳು ಒಟ್ಟಿಗೆ ಏರಿಳಿದರೆ ಅವು ಸಮಪ್ರಾವಸ್ಥೆಯಲ್ಲಿವೆಯೆನ್ನುವುದು ಸುಲಭ. ಒಂದು ಸರಳರೇಖೆಯಲ್ಲಿಯೂ ಮತ್ತೊಂದು ವೃತ್ತಾಕಾರವಾಗಿಯೂ ಕಂಪಿಸುತ್ತಿದ್ದರೆ ಹಾಗೆನ್ನುವುದೆಂತು? ಎರಡೂ ಕೂಡಿದಾಗ ಬೆಳಕು ಅತ್ಯಂತ ತೀವ್ರವಾದರೆ ಅವು ಸಮಪ್ರಾವಸ್ಥೆಯಲ್ಲಿವೆಯೆಂದು ತಿಳಿಯತಕ್ಕದ್ದು. ಇದೇ ಅವರು ಕೊಟ್ಟ ಲಕ್ಷಣ.

ಇದರಿಂದ ಫಲಿಸಿದ ಸಿದ್ಧಾಂತವು ಆಶ್ಚರ್ಯಕರವಾದುದು. ಮೊದಲನೆಯದು ಎರಡನೆಯದಕ್ಕೂ, ಎರಡನೆಯದು ಮೂರನೆಯದಕ್ಕೂ ಸಮವಾದರೆ ಮೊದಲನೆಯದೂ ಮೂರನೆಯದೂ ಸಮವೆಂಬುದು ಲೋಕಸಿದ್ಧವಾದ ನಿಯಮ. ಇಲ್ಲಿ ಆ ನಿಯಮವು ನಿಲ್ಲುವುದಿಲ್ಲ. ಮೊದಲ ಮತ್ತು ಮೂರನೆಯ ಕಿರಣಗಳ ನಡುವೆ ಅಂತರವೊಂದು ಉಳಿಯುತ್ತದೆ. ಧ್ರುವೀಕರಣದ ಭೇದಗಳನ್ನೆಲ್ಲ ಬಿಂದುಗಳಾಗಿ ತೋರಿಸುವ ಪ್ವಾಂಕಾರೆಯ ಗೋಲದ ಮೇಲೆ ಈ ಮೂರು ಬಿಂದುಗಳಿಂದಾಗುವ ತ್ರಿಕೋನವು ಕೇಂದ್ರದಲ್ಲಿ ಉಂಟುಮಾಡುವ ಘನಕೋನದ ಅರ್ಧವೇ ಆ ಅಂತರದ ಪರಿಮಾಣ. ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ 1956ರಲ್ಲಿ ಈ ಲೇಖನವು ಪ್ರಕಟವಾದಾಗ ಕರ್ತೃವಿನ ವಯಸ್ಸು 22.

ಬಳಿಕ ಅವರು ಕೆಲಕಾಲ ಮೈಸೂರು ವಿಶ್ವವಿದ್ಯಾನಿಲಯದಲ್ಲಿದ್ದು, 1964ರಲ್ಲಿ ಆಕ್ಸ್‌ಫರ್ಡಿಗೆ ತೆರಳಿ, ಪರಮಾಣುಗಳ ಮೇಲೆ ಬೆಳಕಿನ ಪರಿಣಾಮವನ್ನು ಕುರಿತು ಶೋಧಿಸುತ್ತ 1969ರಲ್ಲಿ, ತಮ್ಮ 35ನೆಯ ವಯಸ್ಸಿನಲ್ಲಿ, ಕಾಲವಶರಾದರು. ಲೇಖನವು ಹರಳುಗಳ ವಿಷಯಕ್ಕೆ ಸೇರಿದುದೆಂದು ತೋರುತ್ತಿದ್ದುದರಿಂದ, ಅದರೊಳಗಿನ ಸಾಮಾನ್ಯ ತತ್ತ್ವವು ಅನ್ಯರ ಗಮನಕ್ಕೆ ಬರಲಿಲ್ಲ.

1984ರಲ್ಲಿ ಬ್ರಿಸ್ಟಲ್ಲಿನ ಮೈಕೆಲ್ ಬೆರಿಯವರು ಕ್ವಾಂಟಮ್ ವ್ಯವಸ್ಥೆಗಳಲ್ಲಿ, ಹಾದಿಯ ಜ್ಯಾಮಿತಿಯನ್ನೇ ಅವಲಂಬಿಸಿದ ಪ್ರಾವಸ್ಥೆಯೊಂದನ್ನು ಸ್ವತಂತ್ರವಾಗಿ ಪ್ರತಿಪಾದಿಸಿದರು. ಬೆಂಗಳೂರಿನ ಎಸ್. ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ ಅವರು 1986ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ, ಪಂಚರತ್ನಂ ಅವರ ಫಲವು ಇದರದೇ ಪೂರ್ವೋದಾಹರಣೆಯೆಂದು ತೋರಿಸಿದರು. ಮರುವರ್ಷವೇ ಬೆರಿಯವರು ಇದನ್ನು ಮುಕ್ತವಾಗಿ ಅಂಗೀಕರಿಸಿ, ಎರಡು ತತ್ತ್ವಗಳ ಸಂಬಂಧವನ್ನು ವಿಶದಪಡಿಸಿ ಬರೆದರು.

ಆದುದರಿಂದ ನಿರ್ಣಯವಿಷ್ಟು: ತತ್ತ್ವದ ವ್ಯಾಪ್ತಿಯನ್ನು ಕಂಡ ಕೀರ್ತಿ ಬೆರಿಯವರದು, ಬೆಳಕಿನಲ್ಲಿ ಅದನ್ನು ಮೊದಲು ಕಂಡು ಅಳೆದ ಕೀರ್ತಿ ಪಂಚರತ್ನಂ ಅವರದು. ಕಾಗದದಷ್ಟು ತೆಳುವಾದ ಮಸೂರಗಳನ್ನು ಇಂದು ರಚಿಸುವವರು ಈ ಪ್ರಾವಸ್ಥೆಯನ್ನೇ ಆಶ್ರಯಿಸಿ, ಇಬ್ಬರ ಹೆಸರನ್ನೂ ಕೂಡಿಸಿಯೇ ಹೇಳುತ್ತಾರೆ. ಆ ಮನ್ನಣೆಯು ಬಂದುದು ಪಂಚರತ್ನಂ ಅವರು ಗತಿಸಿ ಹದಿನೇಳು ವರ್ಷಗಳಾದ ಮೇಲೆ.