ಕನ್ನಡ ಕಾದಂಬರಿಯಲ್ಲಿ ಮನೆ ಮತ್ತು ಮಗು

ಮಕ್ಕಳ ನಡತೆಗೆ ತಾಯಿತಂದೆಗಳೇ ಹೊಣೆಯೆಂಬ ಮಾತು ನಮ್ಮಲ್ಲಿ ಬಹು ಹಳೆಯದು. ಆದರೆ ಆ ಹೊಣೆ ಎಷ್ಟರಮಟ್ಟಿನದು, ಮನೆಯ ಗುಣ ಯಾವ ದಾರಿಯಿಂದ ಮಗುವನ್ನು ಮುಟ್ಟುತ್ತದೆ ಎಂಬ ಪ್ರಶ್ನೆಗೆ ನಮ್ಮ ಕಾದಂಬರಿಕಾರರು ಎಲ್ಲ ಕಾಲದಲ್ಲಿಯೂ ಒಂದೇ ಉತ್ತರವನ್ನು ಕೊಟ್ಟಿಲ್ಲ. ಮೂರು ಕೃತಿಗಳನ್ನು ಕಾಲಾನುಕ್ರಮದಲ್ಲಿಟ್ಟು ನೋಡಿದರೆ ಈ ವಿಚಾರ ಬೆಳೆದು ಬಂದ ಬಗೆ ಸ್ಪಷ್ಟವಾಗುತ್ತದೆ.

ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅಲ್ಲಿ ಎರಡು ಮನೆಗಳು ಎದುರುಬದುರಾಗಿ ನಿಂತಿವೆ. ಭೀಮರಾಯ-ಅಂಬಾಬಾಯಿಯರ ಮನೆಯಲ್ಲಿ ಅನ್ಯಾಯದ ಹಣ, ಕಪಟ ಸಂತರ ಸಹವಾಸ. ಅಮೃತರಾಯ-ಜಲಜಾಕ್ಷಿಯರ ಮನೆಯಲ್ಲಿ ವಿದ್ಯೆ, ವಿವೇಕ. ಬಾಲವಿಧವೆಯಾದ ಇಂದಿರೆ ತವರನ್ನು ತೊರೆದು ಅಮೃತರಾಯರ ಆಶ್ರಯಕ್ಕೆ ಬಂದು ಓದುತ್ತಾಳೆ. ಅವರ ಆಶ್ರಯದಲ್ಲಿಯೇ ಬೆಳೆದ ಭಾಸ್ಕರನನ್ನು ಮದುವೆಯಾಗುತ್ತಾಳೆ. ಸುಧಾರಣೆಯ ಆ ಯುಗಕ್ಕೆ ಕೆಟ್ಟ ಮನೆಗೆ ಒಳ್ಳೆಯ ಮನೆಯೇ ಮದ್ದು. ಹುಟ್ಟಿದ ಮನೆಯ ಬಲ ಇಂದಿರೆಯ ಮೇಲೆ ಏಕೆ ನಡೆಯಲಿಲ್ಲವೆಂಬುದನ್ನು ಕೃತಿ ಹೆಚ್ಚಾಗಿ ಶೋಧಿಸುವುದಿಲ್ಲ. ಸದ್ಧರ್ಮದ ವಿಜಯವನ್ನು ತೋರಿಸುವುದೇ ಅದರ ಗುರಿ.

ಶಿವರಾಮ ಕಾರಂತರು 1940ರ ದಶಕದ ಆದಿಯಲ್ಲಿ ಬರೆದ ‘ಮರಳಿ ಮಣ್ಣಿಗೆ’ ಈ ಶೋಧಕ್ಕೆ ಕೈಹಾಕುತ್ತದೆ. ಕೋಡಿಯ ರಾಮ ಐತಾಳರದು ಕೆಟ್ಟ ಮನೆಯಲ್ಲ. ಪಾರ್ವತಿ, ಸರಸೋತಿಯರು ಗದ್ದೆಯಲ್ಲಿ, ಹೊಳೆಯಲ್ಲಿ, ಅಡುಗೆಮನೆಯಲ್ಲಿ ಎಡೆಬಿಡದೆ ದುಡಿಯುವವರು. ತಡವಾಗಿ ಹುಟ್ಟಿದ ಲಚ್ಚನಿಗೆ ಪ್ರೀತಿಯ ಕೊರತೆಯೂ ಇಲ್ಲ. ಆದರೆ ಆ ಪ್ರೀತಿಗೆ ಅಂಕೆಯಿಲ್ಲ. ಇಂಗ್ಲಿಷ್ ಓದು ತಂದೆಗೆ ನೆರೆಯವರೆದುರು ಮೆರೆಯುವ ಪ್ರತಿಷ್ಠೆಯ ವಸ್ತು. ಹೆಂಗಸರ ದುಡಿಮೆಯನ್ನು ತಂದೆಯೇ ಲೆಕ್ಕಕ್ಕಿಡದಿರುವಾಗ ಮಗನು ಅದನ್ನು ಗೌರವಿಸಲು ಕಲಿಯುವುದೆಲ್ಲಿ? ಓದಿದ ಲಚ್ಚನಿಗೆ ಮನೆಯೆಂದರೆ ತಾತ್ಸಾರ, ಅದರ ಹಣ ಮಾತ್ರ ಬೇಕು. ಅವನ ಮಗ ರಾಮನಾದರೋ ತಾಯಿ ನಾಗವೇಣಿಯ ಕಷ್ಟವನ್ನು ಕಣ್ಣಾರೆ ಕಂಡು ಬೆಳೆದವನು. ಮದರಾಸಿನಲ್ಲಿ ಓದಿ, ಮುಂಬಯಿಯನ್ನೂ ನೋಡಿ, ಕೊನೆಗೆ ಊರಿನ ಮಣ್ಣಿಗೇ ಮರಳುತ್ತಾನೆ. ಮಗು ಉಪದೇಶಕ್ಕಿಂತ ಮಿಗಿಲಾಗಿ ಹಿರಿಯರ ಬಾಳನ್ನು ನೋಡಿ ಕಲಿಯುತ್ತದೆಂಬುದು ಈ ಮೂರು ತಲೆಮಾರಿನ ಕಥೆಯಿಂದ ಹೊರಡುವ ಅರ್ಥ.

ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ (1970) ಇನ್ನೂ ಕಠೋರವಾದ ಮಾತನ್ನು ಹೇಳುತ್ತದೆ. ಗಂಗಮ್ಮನ ಹೊಲಸು ಬೈಗುಳವೇ ಅವಳ ಮಕ್ಕಳಾದ ಚೆನ್ನಿಗರಾಯ, ಅಪ್ಪಣ್ಣಯ್ಯರ ಮಾತೃಭಾಷೆಯಾಯಿತು. ಸೋಮಾರಿತನ ಅವರ ಸ್ವಭಾವವಾಯಿತು. ಅದೇ ಕುಟುಂಬಕ್ಕೆ ಸೊಸೆಯಾಗಿ ಬಂದ ನಂಜಮ್ಮ, ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು, ಮಕ್ಕಳನ್ನು ಬೇರೆಯೇ ರೀತಿಯಲ್ಲಿ ಬೆಳೆಸಿದಳು. ಒಂದೇ ಮನೆತನದಲ್ಲಿ ಎರಡು ಬಗೆಯ ತಾಯ್ತನ, ಎರಡು ಬಗೆಯ ಮಕ್ಕಳು. ಆದರೂ ಪ್ಲೇಗು ಪಾರ್ವತಿ, ರಾಮಣ್ಣರನ್ನು ಒಯ್ಯುತ್ತದೆ, ತಾಯಿಯೂ ಉಳಿಯುವುದಿಲ್ಲ. ಉಳಿದ ವಿಶ್ವನ ಕೈಹಿಡಿಯುವವನು ರಕ್ತಸಂಬಂಧಿಯಲ್ಲ, ಭಿಕ್ಷೆಯಿಂದ ಬದುಕುವ ಜಂಗಮ ಮಾದೇವಯ್ಯ. ಒಳ್ಳೆಯ ತಾಯಿಗೂ ಮೀರಿದ ಸಂಗತಿಗಳಿವೆ, ಮನೆಯಾಚೆಗೂ ಮಗುವಿಗೆ ಹಿರಿಯರು ಬೇಕೆಂಬ ಅರಿವು ಇಲ್ಲಿದೆ.

ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುವ ನಮಗೆ ಈ ಚರಿತ್ರೆ ದೂರದ್ದಲ್ಲ. ಅಜ್ಜಿಯ ಜಗಲಿ, ಊರಿನ ಬೀದಿ ಮಾಡುತ್ತಿದ್ದ ಕೆಲಸವೆಲ್ಲ ಇಲ್ಲಿ ಎರಡು ಕೋಣೆಗಳ ಮನೆಯ ಮೇಲೆ ಬಿದ್ದಿದೆ. ನಾವು ನಮ್ಮ ನುಡಿಯನ್ನು ಸಭೆಗಳಲ್ಲಿ ಹೊಗಳಿ ಊಟದ ಹೊತ್ತಿನಲ್ಲಿ ಮರೆತರೆ, ಮಕ್ಕಳು ಕಲಿಯುವುದು ಆ ಮರೆವನ್ನೇ. ನೆರೆಯ ಕನ್ನಡಿಗರ ಮಗುವಿಗೆ ನಾವು ಮಾದೇವಯ್ಯನಾಗಬಲ್ಲೆವೇ ಎಂಬುದೂ ನಮ್ಮ ಮುಂದಿರುವ ಪ್ರಶ್ನೆ.