ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಆಯಿಲ್: ಮನೆಯಲ್ಲೇ ಬದಲಿಸುವ ಮುನ್ನ ತಿಳಿದಿರಬೇಕಾದದ್ದು

ಕಾರಿನ ಇಂಜಿನ್ ಆಯಿಲ್ ಬದಲಿಸುವುದು ಯಾರಿಗೂ ಮರೆಯುವುದಿಲ್ಲ. ಆದರೆ ಗೇರ್‌ಬಾಕ್ಸ್ ಒಳಗೂ ಆಯಿಲ್ ಇದೆ, ಅದಕ್ಕೂ ವಯಸ್ಸಾಗುತ್ತದೆ ಎಂಬುದು ಹೆಚ್ಚಿನವರಿಗೆ ನೆನಪಾಗುವುದು ಗೇರ್ ಬೀಳುವಾಗ ಕರಕರ ಶಬ್ದ ಬಂದ ಮೇಲೆಯೇ. ಅಷ್ಟರಲ್ಲಿ ಒಂದೆರಡು ಡಬ್ಬಿ ಆಯಿಲ್‌ನಲ್ಲಿ ಮುಗಿಯಬೇಕಿದ್ದ ಖರ್ಚು ಗೇರ್‌ಬಾಕ್ಸ್ ಬಿಚ್ಚುವ ಖರ್ಚಾಗಿರುತ್ತದೆ.

ಸರಿಯಾದ ಹತ್ಯಾರು ಮತ್ತು ತಾಳ್ಮೆ ಇದ್ದರೆ ಈ ಕೆಲಸ ಮನೆಯಂಗಳದಲ್ಲೇ ಆಗುತ್ತದೆ. ಆದರೆ ಸ್ಪ್ಯಾನರ್ ಹಿಡಿಯುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ಈ ಗಾಡಿಯಲ್ಲಿ ಆಯಿಲ್ ತುಂಬುವ ಪೆಟ್ಟಿಗೆಗಳು ಎಷ್ಟು?

ಗೋವಾದಲ್ಲೇ ತಯಾರಾದ ಸ್ಪೋರ್ಟ್ಸ್ ಕಾರು

ಇದಕ್ಕೆ ಒಳ್ಳೆಯ ಉದಾಹರಣೆ ಸ್ಯಾನ್ ಸ್ಟಾರ್ಮ್. ಬೆಂಗಳೂರು ಮೂಲದ ಸ್ಯಾನ್ ಮೋಟಾರ್ಸ್ ಗೋವಾದಲ್ಲಿ ತಯಾರಿಸಿದ ಈ ಪುಟ್ಟ ಸ್ಪೋರ್ಟ್ಸ್ ಕಾರಿನಲ್ಲಿ ಕೂರಲು ಇಬ್ಬರಿಗಷ್ಟೇ ಜಾಗ. ಬಾಡಿ ಫೈಬರ್ ಗ್ಲಾಸ್‌ನದ್ದು, ವಿನ್ಯಾಸ ಫ್ರಾನ್ಸಿನದ್ದು. ಇಂಜಿನ್ ರೆನೋ ಕಂಪೆನಿಯ 1149 ಸಿಸಿ ಪೆಟ್ರೋಲ್. ಯುರೋಪಿನಲ್ಲಿ ಕ್ಲಿಯೋ, ಟ್ವಿಂಗೋ ಕಾರುಗಳಲ್ಲಿ ಇದ್ದದ್ದೂ ಇದೇ ಕುಟುಂಬದ ಇಂಜಿನ್. ಈಗ ಈ ಕಾರು ಹೊಸದಾಗಿ ಸಿಗುವುದಿಲ್ಲ. ಇಂತಹ ಅಪರೂಪದ ಗಾಡಿ ಇಟ್ಟುಕೊಂಡವರು ಕೆಲವು ಕೆಲಸಗಳನ್ನು ತಾವೇ ಕಲಿತುಕೊಳ್ಳಬೇಕಾಗುತ್ತದೆ.

ನೋಡಲು ಸ್ಪೋರ್ಟ್ಸ್ ಕಾರಾದರೂ ಸ್ಟಾರ್ಮ್‌ನಲ್ಲಿ ಇಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನು. ಅಂದರೆ ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಒಂದೇ ಪೆಟ್ಟಿಗೆಯೊಳಗೆ ಇರುತ್ತವೆ, ಎರಡಕ್ಕೂ ಒಂದೇ ಆಯಿಲ್. ನಮ್ಮ ಆಲ್ಟೊ, ಸ್ವಿಫ್ಟ್, ಐ10 ಕಾರುಗಳಲ್ಲೂ ಇದೇ ವ್ಯವಸ್ಥೆ. ಇವುಗಳಲ್ಲಿ ಡಿಫರೆನ್ಷಿಯಲ್ ಆಯಿಲ್ ಬೇರೆ ಹಾಕಬೇಕೆಂದು ಯಾರಾದರೂ ಬಿಲ್ ಮಾಡಿದರೆ ಪ್ರಶ್ನೆ ಕೇಳುವ ಹಕ್ಕು ಮಾಲಕನಿಗಿದೆ.

ಎರಡು ಪೆಟ್ಟಿಗೆ, ನಾಲ್ಕು ಪೆಟ್ಟಿಗೆ

ಹಿಂದಿನ ಚಕ್ರ ತಳ್ಳುವ ಗಾಡಿಗಳ ಕಥೆ ಬೇರೆ. ಮಾಜ್ದಾ ಎಂಎಕ್ಸ್-5, ಟೊಯೊಟಾ 86 ಮಾದರಿಯ ಸ್ಪೋರ್ಟ್ಸ್ ಕಾರುಗಳಲ್ಲಿ ಗೇರ್‌ಬಾಕ್ಸ್ ಮುಂದೆ, ಡಿಫರೆನ್ಷಿಯಲ್ ಹಿಂದೆ, ನಡುವೆ ಉದ್ದದ ಶಾಫ್ಟ್. ಎಂಎಕ್ಸ್-5ರ ಗೇರ್‌ಬಾಕ್ಸ್‌ಗೆ ಸುಮಾರು 2 ಲೀಟರ್, ಡಿಫರೆನ್ಷಿಯಲ್‌ಗೆ ಒಂದು ಲೀಟರ್ ಅಥವಾ ಅದಕ್ಕಿಂತ ಕಡಿಮೆ ಆಯಿಲ್ ಸಾಕು. ನಮ್ಮಲ್ಲಿ ಓಮ್ನಿ, ಈಕೋ, ಬೊಲೆರೋ ಪಿಕ್‌ಅಪ್‌ಗಳೂ ಹೀಗೆಯೇ. ಪಿಕ್‌ಅಪ್ ಓಡಿಸುವವರು ಹಿಂದಿನ ಆಯಿಲನ್ನು ‘ಕ್ರೌನ್ ಆಯಿಲ್’ ಅಂತಲೂ ಕರೆಯುವುದುಂಟು.

ಗೋವಾದಲ್ಲಿ ಪ್ರವಾಸಿಗರು ಬಾಡಿಗೆಗೆ ಪಡೆಯುವ ಥಾರ್ ಫೋರ್ ವೀಲ್ ಡ್ರೈವ್ ಆಗಿದ್ದರೆ ಲೆಕ್ಕ ಇನ್ನೂ ಹೆಚ್ಚುತ್ತದೆ: ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮುಂದಿನ ಡಿಫರೆನ್ಷಿಯಲ್, ಹಿಂದಿನ ಡಿಫರೆನ್ಷಿಯಲ್. ಒಂದನ್ನು ಬದಲಿಸಿ ಇನ್ನೊಂದನ್ನು ಮರೆತರೆ ಕೆಲಸ ಅರ್ಧವೇ.

ಯಾವ ಆಯಿಲ್?

ಡಬ್ಬಿಯ ಮೇಲೆ ಎರಡು ಗುರುತು ನೋಡಬೇಕು. ಒಂದು ದಪ್ಪ: 75ಡಬ್ಲ್ಯೂ-80, 80ಡಬ್ಲ್ಯೂ-90 ಇತ್ಯಾದಿ. ಇನ್ನೊಂದು ದರ್ಜೆ: ಜಿಎಲ್-4 ಅಥವಾ ಜಿಎಲ್-5. ಹಿಂದಿನ ಡಿಫರೆನ್ಷಿಯಲ್‌ನಲ್ಲಿ ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ಉಜ್ಜುವುದರಿಂದ ಅಲ್ಲಿಗೆ ಸಾಮಾನ್ಯವಾಗಿ ಜಿಎಲ್-5 ಬೇಕು. ಗೇರ್‌ಬಾಕ್ಸ್‌ನಲ್ಲಿ ಹಿತ್ತಾಳೆಯ ಸಿಂಕ್ರೊನೈಸರ್ ರಿಂಗ್‌ಗಳಿರುತ್ತವೆ. ಗೇರ್ ಬದಲಾಗುವಾಗ ಎರಡು ವೇಗಗಳನ್ನು ಹೊಂದಿಸುವುದು ಇವೇ. ಜಿಎಲ್-5ರಲ್ಲಿ ಹೆಚ್ಚಿರುವ ಗಂಧಕ-ರಂಜಕದ ಸೇರ್ಪಡೆ ಕೆಲವೊಮ್ಮೆ ಈ ಹಿತ್ತಾಳೆಯನ್ನು ತಿನ್ನುತ್ತದೆ. ಜಾರುವ ಗುಣ ಜಾಸ್ತಿಯಾದರೆ ರಿಂಗ್ ಹಿಡಿಯುವುದೂ ಇಲ್ಲ. ಹಾಗಾಗಿ ‘ದೊಡ್ಡ ನಂಬರ್ ಅಂದರೆ ಒಳ್ಳೆ ಆಯಿಲ್’ ಎಂಬ ಲೆಕ್ಕ ಇಲ್ಲಿ ನಡೆಯದು. ಮಾಲಕರ ಕೈಪಿಡಿ ಏನು ಹೇಳುತ್ತದೋ ಅದನ್ನೇ ತರಬೇಕು. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇರುವ ಸ್ಪೋರ್ಟ್ಸ್ ಕಾರುಗಳಿಗೆ ವಿಶೇಷ ಆಯಿಲ್ ಬೇಕಾಗಬಹುದು.

ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂಬುದೂ ಕೈಪಿಡಿಯಲ್ಲೇ ಇರುತ್ತದೆ. ಅನಮೋಡ್, ಚೋರ್ಲಾ ಘಾಟ್‌ಗಳಲ್ಲಿ ಭಾರ ಹೊತ್ತು ಹತ್ತಿಳಿಯುವ ಗಾಡಿಗೆ ಆ ಅವಧಿಗೂ ಮುನ್ನ ಬದಲಿಸುವುದು ಲೇಸು. ಮಳೆಗಾಲದಲ್ಲಿ ನೀರು ನಿಂತ ರಸ್ತೆಯಲ್ಲಿ ಚಕ್ರದ ನಡುಮಟ್ಟ ಮುಳುಗಿದ್ದರೆ ಕಿಲೋಮೀಟರ್ ಲೆಕ್ಕ ಹಾಕುತ್ತಾ ಕೂರದೆ ಆಯಿಲ್ ಪರೀಕ್ಷಿಸಬೇಕು. ಬಿಸಿಯಾದ ಡಿಫರೆನ್ಷಿಯಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಮತ್ತು ಸೀಲ್ ಮೂಲಕ ನೀರು ಒಳಗೆ ಎಳೆಯಲ್ಪಡುತ್ತದೆ. ಉಪ್ಪು ನೀರಾದರೆ ಹಾನಿ ಇನ್ನೂ ಬೇಗ. ಗೋವಾದ ಬೀಚ್‌ಗಳ ಮೇಲೆ ವಾಹನ ಓಡಿಸುವುದು ಕಾನೂನು ಪ್ರಕಾರವೂ ತಪ್ಪು.

ಜೀವಕ್ಕಿಂತ ಆಯಿಲ್ ದೊಡ್ಡದಲ್ಲ

ಈ ಕೆಲಸದಲ್ಲಿ ನಿಜವಾದ ಅಪಾಯ ಇರುವುದು ಗಾಡಿಯ ಕೆಳಗೆ ಮಲಗುವುದರಲ್ಲಿ. ಸ್ಟೆಪ್ನಿ ಬದಲಿಸಲು ಕೊಡುವ ಜ್ಯಾಕ್ ಚಕ್ರ ಬಿಚ್ಚಲಿಕ್ಕೆ ಮಾತ್ರ. ಅದರ ಆಧಾರದಲ್ಲಿ ಕಾರಿನಡಿಗೆ ಹೋಗಲೇಬಾರದು. ನಮ್ಮ ಕರಾವಳಿಯಲ್ಲೂ ಗೋವಾದಲ್ಲೂ ಅಂಗಳದಲ್ಲಿ ಕೆಂಪು ಕಲ್ಲು ಬಿದ್ದಿರುತ್ತದೆ, ಎರಡು ಕಲ್ಲು ಇಟ್ಟರಾಯಿತು ಎನ್ನುವವರಿದ್ದಾರೆ. ಕೆಂಪು ಕಲ್ಲಾಗಲಿ, ಸಿಮೆಂಟ್ ಬ್ಲಾಕ್ ಆಗಲಿ ಗೋಡೆಗೆ ಸರಿ. ಒಂದೇ ಬಿಂದುವಿನ ಮೇಲೆ ಕಾರಿನ ಭಾರ ಬಿದ್ದರೆ ಮುನ್ಸೂಚನೆ ಇಲ್ಲದೆ ಒಡೆಯುತ್ತದೆ.

ಗಟ್ಟಿ, ಸಮತಟ್ಟು ನೆಲದಲ್ಲಿ ಕಬ್ಬಿಣದ ಜ್ಯಾಕ್ ಸ್ಟ್ಯಾಂಡ್‌ಗಳನ್ನು ಕೈಪಿಡಿ ತೋರಿಸಿದ ಜಾಗದಲ್ಲೇ ಇಡಬೇಕು. ಫೈಬರ್ ಬಾಡಿಯ ಕಾರಿನಲ್ಲಿ ಬಾಡಿಗೆ ಆಧಾರ ಕೊಟ್ಟರೆ ಬಿರುಕು ಖಂಡಿತ, ಕೆಳಗಿನ ಚೌಕಟ್ಟನ್ನೇ ಹುಡುಕಬೇಕು. ನಾಲ್ಕೂ ಮೂಲೆ ಒಂದೇ ಎತ್ತರದಲ್ಲಿರಲಿ, ಇಲ್ಲದಿದ್ದರೆ ಆಯಿಲ್ ಮಟ್ಟ ತಪ್ಪುತ್ತದೆ. ಕೆಳಗೆ ಹೋಗುವ ಮೊದಲು ಗಾಡಿಯನ್ನು ಕೈಯಿಂದ ಒಮ್ಮೆ ಅಲುಗಾಡಿಸಿ ನೋಡಬೇಕು. ಮನೆಯಲ್ಲಿ ಇನ್ನೊಬ್ಬರು ಎಚ್ಚರವಿರಬೇಕು, ಮಕ್ಕಳು ಹತ್ತಿರ ಬರಬಾರದು.

ಕೆಲಸದ ಕ್ರಮ

1. ಗಾಡಿಯನ್ನು ಹತ್ತು ನಿಮಿಷ ಓಡಿಸಿ ತರಬೇಕು. ಬೆಚ್ಚಗಾದ ಆಯಿಲ್ ಸಲೀಸಾಗಿ ಇಳಿಯುತ್ತದೆ, ಜೊತೆಗೆ ಕೊಳೆಯೂ ಬರುತ್ತದೆ. ಕೈ ಸುಡುವಷ್ಟು ಬಿಸಿ ಬೇಡ.

2. ಮೊದಲು ಮೇಲಿನ, ಅಂದರೆ ಆಯಿಲ್ ತುಂಬುವ ಪ್ಲಗ್ ತೆಗೆಯಬೇಕು. ಇದು ಎಲ್ಲಕ್ಕಿಂತ ಮುಖ್ಯ ನಿಯಮ. ಕೆಳಗಿನ ಪ್ಲಗ್ ತೆಗೆದು ಆಯಿಲ್ ಪೂರ್ತಿ ಇಳಿಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಕೂತಿದೆ ಎಂದು ಗೊತ್ತಾದರೆ, ಗಾಡಿ ಗ್ಯಾರೇಜಿಗೂ ಓಡದು. ಮೇಲಿನದು ಬಿಚ್ಚದಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್ ಬಳಿ ಹೋಗಬಹುದು, ಹಳೆ ಆಯಿಲ್ ಇನ್ನೂ ಒಳಗೇ ಇರುತ್ತದೆ.

3. ಸರಿಯಾದ ಕೀ ಬಳಸಬೇಕು. ರೆನೋದ ಹಲವು ಗೇರ್‌ಬಾಕ್ಸ್‌ಗಳ ಡ್ರೈನ್ ಪ್ಲಗ್‌ಗೆ 8 ಮಿ.ಮೀ. ಚೌಕ ಕೀ ಬೇಕು. ಸಿಕ್ಕಿದ್ದನ್ನು ತುರುಕಿದರೆ ಮೂಲೆ ಸವೆದು ಪ್ಲಗ್ ಅಲ್ಲೇ ಉಳಿಯುತ್ತದೆ.

4. ಕೆಳಗೆ ಅಗಲದ ಪಾತ್ರೆ ಇಟ್ಟು ಡ್ರೈನ್ ಪ್ಲಗ್ ತೆಗೆದು, ಹನಿ ನಿಲ್ಲುವವರೆಗೆ ಕಾಯಬೇಕು.

5. ಹಳೆ ಆಯಿಲ್ ಮತ್ತು ಪ್ಲಗ್ ಪರೀಕ್ಷಿಸಬೇಕು. ಕೆಲವು ಪ್ಲಗ್‌ಗಳ ತುದಿಯಲ್ಲಿ ಅಯಸ್ಕಾಂತ ಇರುತ್ತದೆ. ಅದರ ಮೇಲೆ ಬೂದು ಬಣ್ಣದ ನುಣುಪು ಪೇಸ್ಟ್ ಸಹಜ. ಬೆರಳಿಗೆ ಚುಚ್ಚುವ ಚೂರು ಇದ್ದರೆ ಯಾವುದೋ ಹಲ್ಲು ಅಥವಾ ಬೇರಿಂಗ್ ಹೋಗಿದೆ ಎಂದರ್ಥ. ಹಾಲು ಹಾಕಿದ ಚಹಾದ ಬಣ್ಣವಿದ್ದರೆ ನೀರು ಸೇರಿದೆ. ಇವೆರಡರಲ್ಲಿ ಯಾವುದಿದ್ದರೂ ಹೊಸ ಆಯಿಲ್ ಮಾತ್ರ ಪರಿಹಾರವಲ್ಲ.

6. ಹೊಸ ವಾಷರ್ ಹಾಕಿ ಡ್ರೈನ್ ಪ್ಲಗ್ ಕೂರಿಸಬೇಕು. ಗೇರ್‌ಬಾಕ್ಸ್ ಹೆಚ್ಚಾಗಿ ಅಲ್ಯೂಮಿನಿಯಂನದ್ದು, ಶಕ್ತಿಯೆಲ್ಲ ಹಾಕಿ ಬಿಗಿದರೆ ಮರೆ ಹೋಗುತ್ತದೆ. ಟಾರ್ಕ್ ರೆಂಚ್ ಇದ್ದರೆ ಕಂಪೆನಿ ಹೇಳಿದ ಅಳತೆಗೆ ಬಿಗಿಯಬೇಕು.

7. ಉದ್ದದ ಪೈಪ್ ಸಿಕ್ಕಿಸಿದ ಫನಲ್ ಅಥವಾ ಪಂಪ್‌ನಿಂದ ನಿಧಾನವಾಗಿ ತುಂಬಬೇಕು. ಹೆಚ್ಚಿನ ಮ್ಯಾನುವಲ್ ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್‌ಗಳಲ್ಲಿ ತುಂಬುವ ತೂತಿನ ಕೆಳ ಅಂಚಿಗೆ ಆಯಿಲ್ ಬಂದು ಹೊರಗೆ ಜಿನುಗಿದರೆ ಮಟ್ಟ ಸರಿ. ಹೆಚ್ಚು ತುಂಬಿದರೂ ಸೀಲ್ ಸೋರುತ್ತದೆ.

8. ಒಂದು ಸುತ್ತು ಓಡಿಸಿ, ಮರುದಿನ ಬೆಳಿಗ್ಗೆ ನೆಲದಲ್ಲಿ ಹನಿ ಬಿದ್ದಿದೆಯೇ ನೋಡಬೇಕು. ತಾರೀಕು ಮತ್ತು ಕಿಲೋಮೀಟರ್ ಬರೆದಿಟ್ಟು ಆಯಿಲ್ ಬಿಲ್ ಜೊತೆ ಇಡಬೇಕು. ಮುಂದೆ ಗಾಡಿ ಮಾರುವಾಗ ಬಾಯಿಮಾತಿಗಿಂತ ಈ ಚೀಟಿಗೆ ಬೆಲೆ ಹೆಚ್ಚು.

ಯಾವಾಗ ಮನೆಯಲ್ಲಿ ಬೇಡ?

ಆಟೊಮ್ಯಾಟಿಕ್, ಸಿವಿಟಿ, ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಇರುವ ಗಾಡಿಗಳಿಗೆ ಮೇಲಿನ ಕ್ರಮ ಅನ್ವಯಿಸದು. ಹಲವುಗಳಲ್ಲಿ ಆಯಿಲ್ ಮಟ್ಟವನ್ನು ನಿರ್ದಿಷ್ಟ ಉಷ್ಣತೆಯಲ್ಲೇ ಅಳೆಯಬೇಕು, ಆಯಿಲ್ ಜಾತಿಯೂ ಬೇರೆ. ವಾರಂಟಿ ಇರುವ ಗಾಡಿಯನ್ನು ಅಧಿಕೃತ ಸರ್ವಿಸ್ ಕೇಂದ್ರಕ್ಕೇ ಒಯ್ಯುವುದು ಕ್ಷೇಮ.

ಹಳೆ ಆಯಿಲ್ ಎಲ್ಲಿಗೆ?

2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಗೋವಾದಲ್ಲೂ ನಮ್ಮಲ್ಲೂ ಮನೆ ಮನೆಗೆ ಬಾವಿ ಇದೆ, ಕೆಂಪು ಕಲ್ಲಿನ ನೆಲ ನೀರನ್ನು ಬೇಗ ಒಳಗೆ ಬಿಡುತ್ತದೆ. ತೆಂಗಿನ ಬುಡಕ್ಕೋ ಚರಂಡಿಗೋ ಸುರಿದದ್ದು ಮಳೆಯಲ್ಲಿ ನೆರೆಮನೆಯ ಬಾವಿಗೆ ಇಳಿಯಬಹುದು. ವುಝೂ ಮಾಡುವ, ಮಕ್ಕಳು ಕುಡಿಯುವ ನೀರು ಅದು. ನೆರೆಯವರ ಹಕ್ಕು ಎಂದರೆ ಇದೂ ಸೇರಿತು. ಹೊಸ ಆಯಿಲ್ ಬಂದ ಡಬ್ಬಿಗೇ ಹಳೆಯದನ್ನು ತುಂಬಿ, ಮುಚ್ಚಳ ಬಿಗಿದು, ಬಳಸಿದ ಆಯಿಲನ್ನು ಅಧಿಕೃತ ಮರುಸಂಸ್ಕರಣೆಗೆ ಕಳುಹಿಸುವ ಸರ್ವಿಸ್ ಕೇಂದ್ರಕ್ಕೆ ಕೊಡಬೇಕು. ಖಾಲಿ ಡಬ್ಬಿಗಳನ್ನು ಹಾಗೇ ಗುಜರಿಗೆ ಹಾಕದೆ ತೂತು ಮಾಡಿ ಹಾಕಿದರೆ, ಅವುಗಳಲ್ಲಿ ನಕಲಿ ಆಯಿಲ್ ತುಂಬಿ ಮತ್ತೆ ಅಂಗಡಿಗೆ ಬರುವುದೂ ತಪ್ಪುತ್ತದೆ.